ನಾನೂರ ಎಂಬತ್ತು ಕೆ.ಜಿ. ಹೆಂಗಸರು

ಹಗ್ಗ ಎಳೆಯಲು ಬಲ ಬೇಕು. ಬಲ ಬರಲು ಹೊಟ್ಟೆ ತುಂಬ ಉಣ್ಣಬೇಕು. ಹೊಟ್ಟೆ ತುಂಬ ಉಂಡರೆ ತೂಕ ಏರುತ್ತದೆ, ತೂಕ ಏರಿದರೆ ಹಗ್ಗ ಮುಟ್ಟಲಿಕ್ಕೇ ಬಿಡುವುದಿಲ್ಲ. ಇಂಥ ನಿಯಮ ಮಾಡಿದವನು ಜನ್ಮದಲ್ಲಿ ಹಗ್ಗ ಎಳೆದವನೂ ಅಲ್ಲ, ಸರಿಯಾಗಿ ಉಂಡವನೂ ಅಲ್ಲ ಎಂದು ಸುಚಿತ್ರಾಳಿಗೆ ಖಾತ್ರಿಯಾಯಿತು. ಸಾಗರದ ಯುವಕ ಮಂಡಳದವರು ಕಳಿಸಿದ ಹಾಳೆಯನ್ನು ಅವಳು ಮೂರನೇ ಸಲ ಓದುತ್ತಿದ್ದಳು. ಮಹಿಳೆಯರ ಹಗ್ಗಜಗ್ಗಾಟ, ಜನವರಿ ಎರಡನೇ ಭಾನುವಾರ, ತಂಡಕ್ಕೆ ಎಂಟು ಜನ, ಎಂಟೂ ಜನರ ಒಟ್ಟು ತೂಕ ನಾನೂರ ಎಂಬತ್ತು ಕೆ.ಜಿ. ಮೀರತಕ್ಕದ್ದಲ್ಲ.

ಸುಚಿತ್ರಾ ಹೊಸನಗರದಿಂದ ಹುಂಚಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ವಯಸ್ಸು ಮೂವತ್ತಮೂರು, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್ಕು, ತಲೆಯಲ್ಲಿ ಯಾವಾಗಲೂ ಒಂದು ಯೋಜನೆ. ಊರಿನ ಸ್ವಸಹಾಯ ಸಂಘದ ಹೆಂಗಸರನ್ನು ಹಿಡಿದು ತಂದು ಹಗ್ಗಕ್ಕೆ ನಿಲ್ಲಿಸಿದವಳು ಅವಳೇ. ತಂಡದ ಒಟ್ಟು ತೂಕ ಐನೂರ ಎರಡು ಕೆ.ಜಿ. ಬಂತು. ಅಂದರೆ ಇಪ್ಪತ್ತೆರಡು ಕೆ.ಜಿ. ಹೆಚ್ಚು.

ಇಪ್ಪತ್ತೆರಡು ಕೆ.ಜಿ. ಇಳಿಸಲು ಸುಲಭದ ದಾರಿಯೊಂದು ಇತ್ತು, ಅದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಹಗ್ಗದ ಕಟ್ಟಕಡೆಗೆ ನಿಲ್ಲುವ ಮೀನಾಕ್ಷಮ್ಮನನ್ನು ಕೈಬಿಟ್ಟು, ಟೈಲರ್ ಸೌಜನ್ಯಳನ್ನು ಸೇರಿಸಿದರೆ ಮುಗಿಯಿತು. ಮೀನಾಕ್ಷಮ್ಮನಿಗೆ ವಯಸ್ಸು ಐವತ್ತೇಳು, ತೂಕ ಎಂಬತ್ತು. ಸೌಜನ್ಯ ಎಷ್ಟು ತಿಂದರೂ ಮೈಗೆ ಹತ್ತದ ಪುಣ್ಯವಂತೆ, ಐವತ್ತು ಚಿಲ್ಲರೆ. ಆದರೆ ಮೀನಾಕ್ಷಮ್ಮ ಸುಚಿತ್ರಾಳ ಅತ್ತೆ. ಅತ್ತೆ ಎನ್ನುವ ಭಯದಿಂದ ಸುಚಿತ್ರಾ ಹಿಂದೆಮುಂದೆ ನೋಡಿದಳು ಎಂದುಕೊಳ್ಳಬೇಡಿ. ವಿಷಯ ಬೇರೆಯೇ ಇತ್ತು.

ಮೊದಲ ದಿನ ಕೊಯ್ಲಾದ ಗದ್ದೆಯಲ್ಲಿ, ಹಲಸಿನ ಮರಕ್ಕೆ ಹಗ್ಗ ಕಟ್ಟಿ ಎಳೆಯುವ ಅಭ್ಯಾಸ ಮುಗಿಸಿ ಮನೆಗೆ ಬರುವಾಗ ಅತ್ತೆ ಹೇಳಿದ್ದರು: "ವರದಮೂಲದ ಹತ್ರ ನನ್ನ ತವರುಮನೆ ಅಲ್ವನೇ. ಅಲ್ಲಿ ದೀಪಾವಳಿ ಮಾರನೇ ದಿನ ಗಂಡಸ್ರು ಹಗ್ಗ ಎಳೀತಿದ್ರು. ನಾವು ಹುಡುಗೀರು ಅವರ ಅಂಗಿ ಹಿಡ್ಕಂಡು ನಿಲ್ಲೋದು. ಅಣ್ಣ ಸೋತು ಬಂದಾಗೆಲ್ಲ, ಅಯ್ಯೋ ನನ್ನ ಕೈಗಾದ್ರೂ ಕೊಟ್ಟಿದ್ರೆ ಅನ್ಸೋದು. ಒಂದ್ ಸಲ ಎಳೀಬೇಕು ಕಣೆ. ಜನ ಎಲ್ಲ ನೋಡ್ತಾ ಇರಬೇಕು, ನಾನು ಎಳೀಬೇಕು."

ಇಷ್ಟು ವರ್ಷದಲ್ಲಿ ಅತ್ತೆ ತನಗಾಗಿ ಕೇಳಿದ್ದು ಇದೊಂದೇ. ಹೊಸ ಸೀರೆ ತಂದರೆ ಅದನ್ನೂ ಮಗಳಿಗೆ ಕೊಟ್ಟು ಕಳಿಸುವ ಹೆಂಗಸು ಅದು. ಸುಚಿತ್ರಾ ದಾರಿಯಲ್ಲೇ ನಿಂತು, "ನೀವಿಲ್ದೆ ಈ ತಂಡ ಸಾಗರಕ್ಕೆ ಹೋಗಲ್ಲ, ಅತ್ತೆಮ್ಮ" ಎಂದುಬಿಟ್ಟಳು. ಹೇಳುವುದೇನೋ ಹೇಳಿದಳು, ಇಪ್ಪತ್ತೆರಡು ಕೆ.ಜಿ.ಯನ್ನು ಎಲ್ಲಿ ಇಳಿಸುವುದು? ಬಲ ಕುಗ್ಗದಂತೆ, ಯಾರೂ ತಲೆ ತಿರುಗಿ ಬೀಳದಂತೆ, ಹತ್ತು ವಾರದಲ್ಲಿ ಇಳಿಸಬೇಕು. ಅದಕ್ಕೆ ಆಹಾರದ ಪಟ್ಟಿಯೊಂದು ಬೇಕು.

ಮೊದಲನೆಯ ಪಟ್ಟಿ ಮೊಬೈಲಿನಿಂದ ಇಳಿಯಿತು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕೀನ್ವಾ, ಸಂಜೆ ಬ್ರೊಕೊಲಿ, ಮಲಗುವ ಮುಂಚೆ ಗ್ರೀಕ್ ಮೊಸರು. ಹೊಸನಗರದ ಪೇಟೆಯನ್ನು ಎರಡು ಸುತ್ತು ಹಾಕಿದ ಮೇಲೆ ಸುಚಿತ್ರಾಳ ಕೈಗೆ ಸಿಕ್ಕಿದ್ದು ಧೂಳು ಹಿಡಿದ ಒಂದು ಓಟ್ಸ್ ಪೊಟ್ಟಣ. ಬ್ರೊಕೊಲಿ ಕೇಳಿದ್ದಕ್ಕೆ ಅಂಗಡಿಯವನು ತುಂಬ ಯೋಚಿಸಿ, ಅದು ಹೊಟ್ಟೆಯ ಹುಳಕ್ಕೋ ಜ್ವರಕ್ಕೋ ಎಂದು ವಿಚಾರಿಸಿದ. ಮನೆಯಲ್ಲಿ ಮಾವ ಕೆರಿಯಪ್ಪ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು, "ಗ್ರೀಕ್ ಮೊಸರಿಗೆ ನಮ್ಮ ಕೊಟ್ಟಿಗೆ ಎಮ್ಮೆ ಹಾಲು ಆಗಲ್ವೇನು?" ಎಂದರು. ಆ ಪಟ್ಟಿ ಅಲ್ಲಿಗೇ ಗೋತಾ ಹೊಡೆಯಿತು.

ಎರಡನೆಯ ಪಟ್ಟಿಯ ಬಗ್ಗೆ ಸುಚಿತ್ರಾ ಇಂದಿಗೂ ಮಾತಾಡುವುದಿಲ್ಲ, ಹಾಗಾಗಿ ಇಲ್ಲಿಯೇ ಹೇಳಿಬಿಡಬೇಕು. ಅವಳ ಆಶಾ ಚೀಲದಲ್ಲಿ ಬಣ್ಣದ ಹಾಳೆಗಳ ಕಟ್ಟೊಂದು ಸದಾ ಇರುತ್ತದೆ: ಕಾಳು, ಸೊಪ್ಪು, ಹಾಲು, ಮೊಟ್ಟೆ, ಹಣ್ಣು, ತುಪ್ಪ, ಯಾವಾಗ ಏನು, ಎಷ್ಟು ಸಲ. ಪೌಷ್ಟಿಕ ಆಹಾರವೇ ತಾನೆ ಎಂದು ಎಂಟು ಹಾಳೆ ಎಣಿಸಿ ಹಂಚಿದಳು. ಹೆಂಗಸರು ಶ್ರದ್ಧೆಯಿಂದ ಪಾಲಿಸಿದರು. ಶ್ರದ್ಧೆಯ ಕೊರತೆ ಅವರಲ್ಲಿ ಎಂದೂ ಇರಲಿಲ್ಲ, ಅದರಲ್ಲೂ ತುಪ್ಪದ ವಿಷಯದಲ್ಲಿ. ಎರಡು ವಾರಕ್ಕೆ ತಂಡದ ತೂಕ ಐನೂರ ಎಂಟಾಯಿತು, ಎಲ್ಲರ ಕೆನ್ನೆಗೂ ಒಳ್ಳೆ ಕಳೆ ಬಂತು.

ಹಾಳೆಯ ಕೆಳಗಿನ ಸಾಲನ್ನು ಓದಿದವರು ಮನೋರಮಾ. ಅಡಿಕೆ ತೋಟದ ಹವ್ಯಕರ ಮನೆಯ ಈ ಮನೋರಮಕ್ಕ ಹಗ್ಗದಲ್ಲಿ ಅತ್ತೆಯ ಮುಂದಿನ ಆಳು. ಎಲ್ಲರ ಜೊತೆ ಊರಿನ ಮಾತು ಆಡುತ್ತಾರಾದರೂ, ಸಿಟ್ಟು ಬಂದರೆ ಮನೆಮಾತು ತಾನೇ ಹೊರಗೆ ಬಂದು 'ನನಗೆ' ಹೋಗಿ 'ಎಂಗೆ' ಆಗುತ್ತದೆ. ಗದ್ದೆಯ ಅಂಚಿನಲ್ಲಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: "ಹೆರಿಗೆಯ ನಂತರವೂ ಇದೇ ಆಹಾರವನ್ನು ಮುಂದುವರಿಸಿ." ಹಾಳೆ ಇಳಿಸಿ ಸುಚಿತ್ರಾಳನ್ನು ದುರುಗುಟ್ಟಿ ನೋಡಿದರು. "ಎಂತದೇ ಇದು! ಬಸುರಿ ಹೆಂಗಸರ ಪಟ್ಟಿ ಎಂಗೆ ಕೊಟ್ಟಿದ್ಯಾ? ಎಂಗೆ ಐವತ್ತೆರಡಾತು ಮಾರಾಯ್ತಿ!"

ಆ ದಿನ ಅಭ್ಯಾಸ ನಡೆಯಲಿಲ್ಲ. ನಕ್ಕು ನಕ್ಕು ಎಂಟೂ ಜನ ಗದ್ದೆಯಲ್ಲೇ ಕೂತುಬಿಟ್ಟರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಹೊಟ್ಟೆ ಸವರಿಕೊಂಡು ಮತ್ತೆ ಶುರುಮಾಡುವರು. ಸುಚಿತ್ರಾ ಮುಖ ಮುಚ್ಚಿಕೊಂಡು ಮನೆಗೆ ಓಡಿದಳು.

ಮೂರನೆಯ ಪಟ್ಟಿ ಹುಟ್ಟಿದ್ದು ಅಡುಗೆಮನೆಯಲ್ಲಿ. ಅತ್ತೆ ಹುರುಳಿ ಕೇರುತ್ತ ಹೇಳಿದರು, "ಗದ್ದೆ ನೆಟ್ಟಿ ಮಾಡುವಾಗ ದಿನವಿಡೀ ಬಗ್ಗಿದ್ರೂ ಯಾರಿಗೂ ಸುಸ್ತಾಗ್ತಿರ್ಲಿಲ್ಲ. ಯಾರ ಮೈಲೂ ಬೊಜ್ಜೂ ಇರ್ಲಿಲ್ಲ. ಆವಾಗ ಎಂತ ಉಣ್ತಿದ್ವಿ ಅಂತ ಬರ್ಕ ನೋಡಾನ."

ಸುಚಿತ್ರಾ ಬರೆದುಕೊಂಡಳು. ಬೆಳಿಗ್ಗೆ ರಾಗಿ ಅಂಬಲಿ, ಮೊಳಕೆ ಬರಿಸಿದ ಹೆಸರುಕಾಳು. ಮಧ್ಯಾಹ್ನ ಹುರುಳಿ ಕಟ್ಟಿನ ಸಾರು, ಎರಡು ಥರದ ಸೊಪ್ಪು, ತಿನ್ನುವವರಿಗೆ ಹೊಳೆಮೀನು ಇಲ್ಲವೇ ಮೊಟ್ಟೆ, ಮನೋರಮಕ್ಕನಿಗೆ ಒಂದೆಲಗದ ತಂಬುಳಿ ಮತ್ತು ದಪ್ಪ ಮಜ್ಜಿಗೆ. ಅಭ್ಯಾಸಕ್ಕೆ ಮುಂಚೆ ಒಂದು ಬಾಳೆಹಣ್ಣು, ಆಮೇಲೆ ಒಂದು ಹಿಡಿ ಹುರಿದ ಶೇಂಗಾ. ದಿನಕ್ಕೆ ಆರು ಸಲ ಕುಡಿಯುತ್ತಿದ್ದ ಸಕ್ಕರೆ ಚಹಾ ಎರಡೇ ಸಲ. ತಟ್ಟೆಯಲ್ಲಿ ಅರ್ಧ ಪಲ್ಯ, ಕಾಲು ಭಾಗ ಕಾಳು, ಕಾಲು ಭಾಗ ಅನ್ನ.

"ಕಾಲು ಭಾಗ ಸರಿ" ಎಂದರು ಅತ್ತೆ. "ಎತ್ತರ ಎಷ್ಟು?"

ಸುಚಿತ್ರಾ ನಕ್ಕು ನೋಟ್‌ಬುಕ್ ಮುಚ್ಚಿದಳು. ಆದರೆ ವಾರ ಕಳೆದ ಮೇಲೆ ಮನೋರಮಕ್ಕನ ಮನೆಗೆ ಊಟದ ಹೊತ್ತಿಗೆ ಹೋಗಿ ನೋಡುತ್ತಾಳೆ, ತಟ್ಟೆಯ ಕಾಲು ಭಾಗದಲ್ಲಿ ಕೊಡಚಾದ್ರಿ ಎದ್ದು ನಿಂತಿದೆ! ನೋಟ್‌ಬುಕ್ಕಿಗೆ ಹೊಸ ಸಾಲೊಂದು ಸೇರಿತು: ಅನ್ನದ ಎತ್ತರ ಎರಡು ಬೆರಳು. ಯಾರ ಬೆರಳು ಎಂಬ ಪ್ರಶ್ನೆ ಬಂದಾಗ, ಸೌಜನ್ಯಳ ಬೆರಳು ಎಂದು ತೀರ್ಮಾನವಾಯಿತು.

ತೂಕ ನೋಡುವುದು ಪ್ರತಿ ಭಾನುವಾರ. ಆರೋಗ್ಯ ಉಪಕೇಂದ್ರದ ಮುಳ್ಳಿನ ಯಂತ್ರ ಹತ್ತಿದವರ ಮುಖ ನೋಡಿ ತೂಕ ಹೇಳುತ್ತಿತ್ತು, ಅದನ್ನು ನಂಬುವಂತಿರಲಿಲ್ಲ. ಹಾಗಾಗಿ ಮೊದಲಿನಿಂದಲೂ ಸೀತಾರಾಮಪ್ಪನ ಶುಂಠಿ ಕಣದ ತೂಕದ ಯಂತ್ರವೇ ಗತಿ. ಆ ಯಂತ್ರದ ಮೇಲೆ ಸದಾ ಒಂದು ಗೋಣಿ ಹಾಸಿರುತ್ತಿತ್ತು. ಹೆಂಗಸರು ಬಂದ ಕೂಡಲೇ ಸೀತಾರಾಮಪ್ಪ ಮಣ್ಣು ಮೆತ್ತಿದ ಗೋಣಿಯನ್ನು ಮರ್ಯಾದೆಯಿಂದ ಎತ್ತಿ ಪಕ್ಕಕ್ಕಿಟ್ಟು, ಯಂತ್ರವನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಒರೆಸಿ, "ಹತ್ತಿ ತಾಯಿ" ಎನ್ನುವರು. ಒಬ್ಬೊಬ್ಬರೇ ಹತ್ತುವರು, ಅವರು ಕೂಗಿ ಹೇಳುವರು, ಸುಚಿತ್ರಾ ಬರೆದುಕೊಳ್ಳುವಳು. ಐನೂರ ಮೂರು, ನಾನೂರ ತೊಂಬತ್ತಾರು, ನಾನೂರ ಎಂಬತ್ತೊಂಬತ್ತು. ಹಲಸಿನ ಮರದ ತೊಗಟೆ ಹಗ್ಗದ ಉಜ್ಜಾಟಕ್ಕೆ ಸವೆದು ನುಣ್ಣಗಾಯಿತು. ರವಿಕೆಗಳು ಸಡಿಲವಾಗಿ, ಹಿಡಿದು ಹೊಲಿಯುವ ಕೆಲಸ ಸೌಜನ್ಯಳಿಗೆ ಸಿಕ್ಕಿತು. ಅತ್ತೆ ಮೊಣಕಾಲು ನೋವಿನ ಎಣ್ಣೆಯನ್ನು ಹಚ್ಚುವುದು ಮರೆತೇಬಿಟ್ಟರು. ಪಂದ್ಯದ ಹಿಂದಿನ ಸಂಜೆ ಒಟ್ಟು ತೂಕ ನಾನೂರ ಎಪ್ಪತ್ತೊಂಬತ್ತು ಕೆ.ಜಿ. ಇನ್ನೂರು ಗ್ರಾಂ ಬಂತು. ಶುಂಠಿ ಕಣದಲ್ಲಿ ಎಂಟು ಹೆಂಗಸರು ಕುಣಿದ ಕುಣಿತಕ್ಕೆ ಮೂಟೆ ಹೊರುವ ಆಳುಗಳೆಲ್ಲ ಹೊರಗೆ ಹೋಗಿ ನಿಂತರು.

ಸಾಗರದ ಮೈದಾನಕ್ಕೆ ಅವರು ಬಂದಿಳಿದಾಗ ಒಂಬತ್ತು ಗಂಟೆ. ಎಂಟು ಜನ, ಬದಲಿ ಆಳಾಗಿ ಸೌಜನ್ಯ, ಜೊತೆಗೆ ಅವಲಕ್ಕಿ ಬೆಲ್ಲದ ಡಬ್ಬಿ ಮತ್ತು ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡ ಕೆರಿಯಪ್ಪ. ತೂಕವಾಗುವವರೆಗೆ ಆ ಡಬ್ಬಿ ಮುಟ್ಟುವಂತಿಲ್ಲ ಎಂದು ಸುಚಿತ್ರಾ ಆಣೆ ಹಾಕಿಸಿದ್ದಳು. ಮೇಜಿನ ಹಿಂದೆ ಕೂತಿದ್ದ ಮಂಡಳದವರು ಒಬ್ಬೊಬ್ಬರನ್ನೇ ತೂಗಿ, ಕೂಡಿ, ಮತ್ತೊಮ್ಮೆ ಕೂಡಿ ತಲೆಯೆತ್ತಿದರು.

"ನಾನೂರ ಎಂಬತ್ತೈದು ಪಾಯಿಂಟ್ ಎರಡು. ಐದು ಕೆ.ಜಿ. ಜಾಸ್ತಿ ಆಯ್ತು ಅಮ್ಮ. ಹತ್ತು ಗಂಟೆಗೆ ಪಟ್ಟಿ ಮುಚ್ಚುತ್ತೆ."

ಸುಚಿತ್ರಾ ನೋಟ್‌ಬುಕ್ ತೆಗೆದು ಹೋಲಿಸಿ ನೋಡಿದಳು. ಎಂಟು ಜನರದ್ದೂ ಸರಿಯಾಗಿ ಮುಕ್ಕಾಲು ಮುಕ್ಕಾಲು ಕೆ.ಜಿ. ಹೆಚ್ಚಿತ್ತು. ಸೀತಾರಾಮಪ್ಪನಿಗೆ ಫೋನು ಮಾಡಿದಳು.

"ನಮ್ಮ ಯಂತ್ರ ತಪ್ಪು ಹೇಳಲ್ಲ ತಾಯಿ" ಎಂದಿತು ಆ ಕಡೆಯ ಸ್ವರ. "ದಿನಾ ಬೆಳಗಾದ್ರೆ ಗೋಣಿ ಹಾಸಿ, ಸೊನ್ನೆ ಮಾಡಿ ಇಡ್ತೀನಿ. ಚೀಲದ ತೂಕ ಕಳೀಬೇಕಲ್ಲ. ಗೋಣಿ ಮುಕ್ಕಾಲು ಕೆ.ಜಿ. ಬರ್ತದೆ."

"ನಾವು ಬಂದಾಗ ಗೋಣಿ ತೆಗೀತಿದ್ರಲ್ಲ?"

"ಮತ್ತೆ! ಶುಂಠಿ ಮಣ್ಣಿನ ಮೇಲೆ ಹೆಣ್ಮಕ್ಕಳನ್ನ ನಿಲ್ಸಕಾಗ್ತದಾ?"

"ತೆಗೆದ ಮೇಲೆ ಮತ್ತೆ ಸೊನ್ನೆ ಮಾಡ್ತಿದ್ರಾ?"

ಆ ಕಡೆಯಿಂದ ಬಹಳ ಮೆಲ್ಲಗೆ, "ಅಯ್ಯೋ ತಾಯಿ" ಎಂದು ಕೇಳಿತು.

ಎಂಟು ಜನರನ್ನು ಹತ್ತು ವಾರ ಗೋಣಿ ಕಳೆದು ತೂಗಿದ್ದರು! ಶುಂಠಿಯನ್ನು ಹೇಗೆ ತೂಗುತ್ತಾರೋ ಹಾಗೆ, ಮರ್ಯಾದೆ ಒಂದು ಹೆಚ್ಚು. ಸುಚಿತ್ರಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಉಳಿದಿದ್ದು ಮುಕ್ಕಾಲು ಗಂಟೆ. ಸ್ವೆಟರು, ಶಾಲು, ಕೆರಿಯಪ್ಪನ ಉಲ್ಲನ್ ಟೋಪಿ, ಸಿಕ್ಕಿದ್ದನ್ನೆಲ್ಲ ಸುತ್ತಿಕೊಂಡು ಎಂಟು ಹೆಂಗಸರು ಬೆವರಿಳಿಸಲು ಮೈದಾನದ ಸುತ್ತ ಓಡತೊಡಗಿದರು. ಬಳೆ ಕಳಚಿದರು, ಪಿನ್ನು ಕಿತ್ತರು, ಮುಡಿದ ಹೂವನ್ನು ಸೌಜನ್ಯಳ ತಲೆಗೆ ಏರಿಸಿದರು. ಮನೋರಮಕ್ಕನ ಸೊಂಟದಿಂದ ಒಂದು ಎಲೆಯಡಿಕೆ ಕವಳದ ಸಂಚಿ, ಎರಡು ಬೀಗದ ಕೈಗೊಂಚಲು, ಒಂದು ಅಡಕತ್ತರಿ ಹೊರಗೆ ಬಂದವು. "ಅಡಕತ್ತರಿ ಕಟ್ಕೊಂಡು ಹಗ್ಗ ಎಳೆಯೋಕೆ ಬಂದ್ರಾ?" ಎಂದು ಸುಚಿತ್ರಾ ಕಿರುಚಿದಳು. "ಯಾವತ್ತೂ ಅಲ್ಲೇ ಇರ್ತು, ಎಂಗೆ ಗೊತ್ತೇ ಆಗ್ತಿಲ್ಲೆ" ಎಂದರು ಮನೋರಮಕ್ಕ ಏದುಸಿರು ಬಿಡುತ್ತ. ತಿಂಡಿಯ ಗಾಡಿಯವರು ದೋಸೆ ಹುಯ್ಯುವುದು ಬಿಟ್ಟು ನೋಡುತ್ತಿದ್ದರು.

ಮತ್ತೆ ತೂಗಿದರು. ನಾನೂರ ಎಂಬತ್ತನಾಲ್ಕು ಪಾಯಿಂಟ್ ನಾಲ್ಕು. ಗಂಟೆ ಹತ್ತಾಗಲು ಹನ್ನೆರಡು ನಿಮಿಷ.

ಎಲ್ಲರ ಕಣ್ಣೂ ಒಂದೇ ಕಡೆ ಹೋಗಿತ್ತು. ಮೀನಾಕ್ಷಮ್ಮ ಆಗಲೇ ಸೊಂಟಕ್ಕೆ ಬಿಗಿದ ಬಟ್ಟೆಯನ್ನು ಬಿಚ್ಚುತ್ತಿದ್ದರು. "ಸೌಜನ್ಯ ನಿಲ್ಲಲಿ. ನಾನು ಕೂತ್ಕಂಡು ನೋಡ್ತೀನಿ. ನೋಡಿ ಅಭ್ಯಾಸ ಐತಲ್ಲ ನಂಗೆ" ಎಂದು ನಕ್ಕರು. ಆ ನಗು ನೋಡಲಾಗಲಿಲ್ಲ.

ಸುಚಿತ್ರಾಳಿಗೂ ಹಗ್ಗ ಬೇಕಿತ್ತು. ಸುಳ್ಳೇಕೆ, ತುಂಬ ಬೇಕಿತ್ತು. ಹತ್ತು ವಾರ ಎಲ್ಲರಿಗಿಂತ ಮುಂದೆ ನಿಂತು ಎಳೆದು ಅಂಗೈ ಚರ್ಮ ಎರಡು ಸಲ ಕಿತ್ತುಹೋಗಿತ್ತು. ಅವಳು ಒಮ್ಮೆ ಆ ಅಂಗೈ ನೋಡಿಕೊಂಡಳು. ಆಮೇಲೆ ಅತ್ತೆಯ ಕೈಯಿಂದ ಬಟ್ಟೆ ಕಸಿದು, ಮತ್ತೆ ಅವರ ಸೊಂಟಕ್ಕೇ ಸುತ್ತಿ, ಗಂಟನ್ನು ಬಿಗಿಯಾಗಿ ಹಾಕಿದಳು.

"ನಂದು ಐವತ್ತೇಳು, ಸೌಜನ್ಯಂದು ಐವತ್ತೂವರೆ. ನನ್ನ ತೆಗೆದ್ರೂ ಲೆಕ್ಕ ಸರಿ ಹೋಗ್ತದೆ."

"ನೀನಿಲ್ದೆ ಎಂತ ಎಳೆಯೋದೆ?"

"ನಾನು ಹೊರಗೆ ನಿಂತು ಕೂಗ್ತೀನಿ, ಅತ್ತೆಮ್ಮ. ಕೂಗೋಕೆ ತೂಕ ಇಲ್ಲ."

ಮೇಜಿನವರು ಹೆಸರು ಬದಲಾಯಿಸಿ ಬರೆದುಕೊಂಡರು. ನಾನೂರ ಎಪ್ಪತ್ತೇಳು ಪಾಯಿಂಟ್ ಒಂಬತ್ತು. ಅವಲಕ್ಕಿಯ ಡಬ್ಬಿ ತೆರೆಯಿತು. ಎಂಟು ಜನ ಅದನ್ನು ಖಾಲಿ ಮಾಡಿದ ವೇಗ ಕಂಡು, ಇವರ ಎದುರು ಎಳೆಯಬೇಕಾದವರು ಅಲ್ಲಿಯೇ ಅರ್ಧ ಸೋತರು ಎನ್ನಬಹುದು. ಮೊದಲೆರಡು ಪಂದ್ಯಗಳು ಎಷ್ಟು ಬೇಗ ಮುಗಿದವೆಂದರೆ, ಕವಳ ಹಾಕಿಕೊಳ್ಳಲು ಬಗ್ಗಿದ ಕೆರಿಯಪ್ಪನಿಗೆ ಒಂದು ಕಾಣಲೇ ಇಲ್ಲ.

ಫೈನಲ್ ಮಾತ್ರ ತೀರ್ಥಹಳ್ಳಿಯವರ ಜೊತೆ. ಮೂರು ವರ್ಷದಿಂದ ಕಪ್ಪನ್ನು ಮನೆಗೆ ಒಯ್ದವರು ಅವರು. ಒಂದೇ ಬಣ್ಣದ ಟೀ ಶರ್ಟು, ಒಂದೇ ಥರದ ಉಸಿರು. ಮೊದಲನೆಯ ಎಳೆತ ಅವರದಾಯಿತು, ಎರಡನೆಯದು ಇವರದು. ಮೂರನೆಯದಕ್ಕೆ ಹಗ್ಗ ನಡುವೆ ಬಂದು ನಿಂತುಬಿಟ್ಟಿತು. ಎರಡೂ ಕಡೆ ಹಿಮ್ಮಡಿ ಮಣ್ಣಿಗಿಳಿದವು, ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಜನ ಗೆರೆ ದಾಟಿ ಒಳಗೆ ನುಗ್ಗಿದ್ದರು.

ಸುಚಿತ್ರಾ ಹಗ್ಗದ ಪಕ್ಕದಲ್ಲಿ ಓಡಾಡುತ್ತ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದಳು. "ಸೌಜನ್ಯ, ಎಳಿ! ಮನೋರಮಕ್ಕ, ಎಳಿ!" ಕೂಗಿಗೊಂದು ಇಂಚು ಹಗ್ಗ ಇತ್ತ ಬರುತ್ತಿತ್ತು. ಕೊನೆಗೆ ಅತ್ತೆಯ ಹತ್ತಿರ ಬಂದು ನಿಂತಾಗ ಅಭ್ಯಾಸಬಲದಿಂದ ಬಾಯಿಗೆ ಬಂದಿದ್ದು, "ಅತ್ತೆಮ್ಮ, ಇನ್ನೊಂಚೂರು ಎಳೀತೀರಾ..." ಅಷ್ಟು ಉದ್ದದ ಮರ್ಯಾದೆ ಮುಗಿಯುವುದರೊಳಗೆ ಹಗ್ಗ ಒಂದು ಅಡಿ ಆ ಕಡೆ ಜಾರಿತು. ಅತ್ತೆಯ ಕುತ್ತಿಗೆಯ ನರ ಉಬ್ಬಿತ್ತು, ಒಂದು ಕಾಲು ಮಣ್ಣಿನಿಂದ ಕಿತ್ತು ಬರುತ್ತಿತ್ತು. ಇನ್ನೊಂದು ಅಡಿ ಹೋದರೆ ಮುಗಿಯಿತು.

ಸುಚಿತ್ರಾಳಿಗೆ ಏನಾಯಿತೋ. ಅವಳು ನೆಲಕ್ಕೆ ಮೊಣಕಾಲೂರಿ, ಅತ್ತೆಯ ಮುಖಕ್ಕೆ ಮುಖ ಕೊಟ್ಟು, ಇಡೀ ಸಾಗರಕ್ಕೆ ಕೇಳುವಂತೆ ಕೂಗಿದಳು:

"ಎಳಿಯೇ ಮೀನಾಕ್ಷೀ!"

ಕೆರಿಯಪ್ಪ ಬಾಯಲ್ಲಿದ್ದ ಕವಳವನ್ನು ನುಂಗಿಬಿಟ್ಟರು. ಸೊಸೆ ಅತ್ತೆಯನ್ನು ಹೆಸರು ಹಿಡಿದು, ಅದೂ ಏಕವಚನದಲ್ಲಿ, ನಾಲ್ಕು ಊರಿನ ಜನರ ಮುಂದೆ! ಮೀನಾಕ್ಷಮ್ಮ ಕಣ್ಣು ತೆರೆದು ಸೊಸೆಯನ್ನು ನೋಡಿದರು. ಬೆವರು ಸುರಿಯುವ ಆ ಮುಖ ಒಮ್ಮೆಲೇ ಅರಳಿತು. ಹಿಮ್ಮಡಿ ಮತ್ತೆ ಮಣ್ಣಿಗಿಳಿಯಿತು. ಅವರು ಹಿಂದಕ್ಕೆ ಒರಗಿದರು, ಒರಗಿದರು, ಆಕಾಶ ನೋಡುವಷ್ಟು ಒರಗಿದರು, ಹಗ್ಗ ಅವರ ಜೊತೆಗೇ ಬಂತು, ಹಗ್ಗದ ಜೊತೆಗೆ ತೀರ್ಥಹಳ್ಳಿಯ ಎಂಟು ಟೀ ಶರ್ಟುಗಳೂ ಬಂದವು.

ಸೀಟಿ ಊದಿದ್ದು ಯಾರಿಗೂ ಕೇಳಲಿಲ್ಲ. ಮನೋರಮಕ್ಕ ತೀರ್ಥಹಳ್ಳಿಯ ಕ್ಯಾಪ್ಟನ್ನನ್ನೇ ತಬ್ಬಿಕೊಂಡು ಕುಣಿಯುತ್ತಿದ್ದರು. ಸೌಜನ್ಯಳನ್ನು ಯಾರೋ ಹೆಗಲ ಮೇಲೆ ಹೊತ್ತಿದ್ದರು, ಆ ಹುಡುಗಿಯ ಭಾರವೂ ಅಷ್ಟೇ ಬಿಡಿ. ಮೀನಾಕ್ಷಮ್ಮ ಮಾತ್ರ ಬಿದ್ದಲ್ಲಿಯೇ ಅಂಗಾತ ಮಲಗಿ, ಎದೆ ಏರಿಳಿಯುತ್ತ, ಹಗ್ಗವನ್ನು ಇನ್ನೂ ಬಿಡದೆ ನಗುತ್ತಿದ್ದರು.

ಸುಚಿತ್ರಾ ಪಕ್ಕದಲ್ಲಿ ಕೂತು ಅವರ ಕಾಲು ಹಿಡಿದಳು. "ತಪ್ಪಾತು ಅತ್ತೆಮ್ಮ. ಬಾಯಿಗೆ ಬಂದ್ಬಿಡ್ತು."

"ನಮ್ಮವ್ವ ಕರೀತಿದ್ಲು ಹಂಗೆ" ಎಂದರು ಮೀನಾಕ್ಷಮ್ಮ ಆಕಾಶ ನೋಡುತ್ತಲೇ. "ಗದ್ದೆ ಆ ಕಡೆಯಿಂದ ಕೂಗೋದು. ಅವಳು ಹೋದ ಮೇಲೆ ಯಾರೂ ಕರೆದಿರ್ಲಿಲ್ಲ ಕಣೆ. ನಾನೂ ಮರ್ತೇಬಿಟ್ಟಿದ್ದೆ."

ಅತ್ತೆ ತಲೆ ತಿರುಗಿಸಿ, ಸುತ್ತ ಯಾರಾದರೂ ಕೇಳುತ್ತಿದ್ದಾರೋ ಎಂದು ನೋಡಿ, ಸ್ವರ ತಗ್ಗಿಸಿದರು. "ಇನ್ನೊಂದ್ ಸಲ ಕರಿ ನೋಡಾನ."

ಸುಚಿತ್ರಾ ಬಗ್ಗಿ, ಕಿವಿಯ ಹತ್ತಿರ, ಬಹಳ ಮೆಲ್ಲಗೆ ಕರೆದಳು.

"ಓ!" ಎಂದರು ಮೀನಾಕ್ಷಮ್ಮ.